ನಿಂತು ರೊಟ್ಟಿ ಬಡಿಯುವ ಕಟ್ಟೆ

ಜುಗೂಳದ ಆ ತೋಟದ ಮನೆಗೆ ನಾನು ಹೋದದ್ದು ಗೋಬರ್ ಗ್ಯಾಸಿನ ಗುಂಡಿಗೆ ಬಿದ್ದಿದ್ದ ಬಿರುಕು ಮುಚ್ಚಲಿಕ್ಕೆ. ಅರ್ಧ ದಿನದ ಕೆಲಸ. ಮುಗಿಸಿ ಸೈಕಲ್ಲು ಹತ್ತಿದರೆ ಸಂಜೆಗೆ ಬೇಡಕಿಹಾಳ, ನನ್ನ ಮನೆ, ನನ್ನ ಹಾಸಿಗೆ. ಆ ವರ್ಷ ಮಳೆ ನಿಂತಂದಿನಿಂದ ನನಗೆ ಬಿಡುವು ಸಿಕ್ಕಿರಲಿಲ್ಲ. ಮುಗಳಖೋಡದಲ್ಲಿ ನೀರಿನ ಟಾಕಿ, ರಾಯಬಾಗದ ಬದಿಯಲ್ಲಿ ಒಂದು ಮನೆಯ ಮಾಳಿಗೆ, ಅದರ ಬೆನ್ನಿಗೇ ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯ ನೆಲ. ಸಿಮೆಂಟು ತಿಂದು ತಿಂದು ಅಂಗೈ ಸೀಳಿ, ಊಟಕ್ಕೆ ಕುಳಿತರೆ ಚಟ್ನಿಯ ಖಾರ ಗಾಯಕ್ಕೆ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಗಾರೆ ಕೆಲಸ ಮಾಡುವ ಗೌಂಡಿಯ ಕೈ ನೋಡಿದರೆ ಅವನ ವರ್ಷ ಹೇಗೆ ಹೋಯಿತೆಂದು ಹೇಳಬಹುದು ಎಂದು ನನಗೆ ಕೆಲಸ ಕಲಿಸಿದ ಸೋದರಮಾವ ಅನ್ನುತ್ತಿದ್ದ. ನನ್ನ ಕೈ ಆಗ ನೋಡುವಂತಿರಲಿಲ್ಲ.

ಬಿರುಕು ಮುಚ್ಚಿ, ಗಾರೆ ಸವರುವ ಥಾಪಿ ತೊಳೆದು ಚೀಲಕ್ಕೆ ಹಾಕುತ್ತಿದ್ದೆ. ಮಾಲಕರ ತಾಯಿ ಬಂದು ಎದುರಿಗೆ ನಿಂತರು. ಎಪ್ಪತ್ತು ದಾಟಿದ ಜೀವ, ಕಚ್ಚೆ ಹಾಕಿದ ಸೀರೆ, ಹಣೆಯ ತುಂಬ ಕುಂಕುಮ. ಮನೆಯವರೆಲ್ಲ ಅವರನ್ನು ಆಯಿ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

"ಲೇ ಗೌಂಡಿ, ಥಾಪಿ ಯಾಕ ಒಳಗಿಟ್ಟಿ? ಇನ್ನೊಂದು ಕೆಲಸ ಐತಿ."

"ಮುಂದಿನ ತಿಂಗಳು ಬರ್ತೀನ್ರಿ ಆಯಿ. ಮೈ ಹಣ್ಣಾಗೈತ್ರಿ."

"ನಿನ್ನ ಮೈ ಹಣ್ಣಾಗೈತಿ. ನನ್ನ ಸೊಸಿ ಕಾಲ ಕಟಗಿ ಆಗೈತಿ. ಬಾ ಇಲ್ಲೆ."

ಆ ಮನೆಯವರು ಮನೆಯೊಳಗೆ ಇರುತ್ತಿದ್ದುದು ಕಡಿಮೆ. ಒಳಗೆ ದೇವರು, ಕಾಳಿನ ಚೀಲ, ಬೆಲ್ಲದ ಪೆಂಟಿ. ಬದುಕೆಲ್ಲ ಹೊರಗೆ, ಬೇವಿನ ಗಿಡದ ಬುಡದಿಂದ ಹಿಡಿದು ಬಾವಿಯ ದಾರಿಯವರೆಗೆ ಹಾಕಿದ ತಗಡಿನ ಛಪ್ಪರದಡಿ. ಅಲ್ಲೇ ಅಡಿಗೆ, ಅಲ್ಲೇ ಊಟ, ಬಂದವರಿಗೆ ಅಲ್ಲೇ ಚಾಪೆ. ಛಪ್ಪರದ ಕಂಬಕ್ಕೆ ಆತು ಒಬ್ಬ ಹೆಣ್ಣುಮಗಳು ನಿಂತಿದ್ದರು. ಅವರೇ ಸೊಸೆ, ಮಾಲಕರ ಹೆಂಡತಿ. ಹಿಂದಿನ ವರ್ಷ ಕಬ್ಬಿನ ಚಕ್ಕಡಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದರು. ಮಿರಜಿನ ದವಾಖಾನೆಯಲ್ಲಿ ಒಳಗೆ ಉಕ್ಕಿನ ಸಳಿ ಹಾಕಿ ಕಾಲು ಉಳಿಸಿದ್ದರು, ಆದರೆ ಅದು ಮತ್ತೆ ಮಡಚಲಿಲ್ಲ. ಮಡಚದ ಕಾಲಿನವರು ನೆಲದೊಲೆಯ ಮುಂದೆ ಕುಳಿತುಕೊಳ್ಳುವುದು ಹೇಗೆ? ಒಂದು ವರ್ಷದಿಂದ ಓಣಿಯ ಒಬ್ಬ ಹೆಂಗಸು ಬಂದು ರೊಟ್ಟಿ ಬಡಿದು ಹೋಗುತ್ತಿದ್ದಳು. ಇವರಿಗೆ ಹಗ್ಗ ಹೆಣೆದ ಹೊರಸಿನ ಮೇಲೆಯೇ ಊಟದ ತಾಟು.

"ಗೌಂಡೇರ," ಎಂದು ಆಕೆ ಅಂದರು, "ಹೋದದ್ದು ಒಂದು ಕಾಲ್ರಿ. ಇವರೆಲ್ಲಾ ಸೇರಿ ನನ್ನ ಕೈನೂ ಹೋದಂಗ ಮಾಡಿ ಕುಂಡ್ರಿಸ್ಯಾರ."

ನಾನು ಅವರನ್ನು ಅಕ್ಕಾರ ಎಂದೇ ಕರೆದೆ. "ಅಕ್ಕಾರ, ಎರಡು ಗ್ವಾಡಿ ಕಟ್ಟಿ ಮ್ಯಾಲ ಕಡಪಾ ಕಲ್ಲು ಹಾಸಿದ್ರ ಆತಲ್ರಿ? ಒಂದ ದಿನದ ಮಾತು."

"ಹಾಸಿ ನೋಡೀವ್ರಿ. ಅಲ್ಲಿ ಬಿದ್ದೈತಿ ನೋಡ್ರಿ." ಬೇವಿನ ಬುಡದಲ್ಲಿ ಕರಿ ಕಲ್ಲೊಂದು ಒರಗಿತ್ತು. "ಈ ಕಾಲು ಮಗ್ಗಲಕ ಚಾಚಿ ನಿಂತ್ರ ಕಲ್ಲಿನ ಅಂಚು ಹೊಟ್ಟಿಗೆ ಬಡೀತೈತಿ, ಕೈ ಹೆಂಚಿಗೆ ಮುಟ್ಟಂಗಿಲ್ಲ. ನನ್ನ ಕಾಲೂ ಸೀದಾ, ಆ ಕಲ್ಲೂ ಸೀದಾ. ಇಬ್ಬರಾಗ ಒಬ್ಬರರ ಬಗ್ಗಬೇಕಲ್ರಿ?"

ಆಯಿ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೊರಟು ಹೋಗುವುದು ಕಷ್ಟ.

ಕಲ್ಲನ್ನು ಬಾಗಿಸಲು ಬರುವುದಿಲ್ಲ. ಕಾಂಕ್ರೀಟು ಹೇಗೆ ಹೇಳಿದರೆ ಹಾಗೆ. ಮುಂದಿನ ಅಂಚಿನಲ್ಲಿ ಒಂದು ಕಮಾನಿನಂಥ ತಗ್ಗು ಬಿಟ್ಟು, ಆಕೆ ಅದರೊಳಗೆ ಸೊಂಟ ಆನಿಸಿ ನಿಲ್ಲುವಂತೆ ಹಲಗೆ ಎರಕ ಹೊಯ್ಯಬೇಕು. ಎಡಕ್ಕೆ ಗೋಬರ್ ಗ್ಯಾಸಿನ ಒಲೆ, ಬಲಕ್ಕೆ ರೊಟ್ಟಿ ಬಡಿಯುವ ಜಾಗ, ತಗ್ಗು ಬಲಭಾಗದಲ್ಲಿ. ಬಾಯಲ್ಲಿ ಹೇಳುವುದು ಸುಲಭ. ಆದರೆ ಸಿಮೆಂಟು ಆಗ ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಮಾಲು. ಮಾಲಕರು ಅಥಣಿಗೆ ಹಲವು ಸಲ ಅಲೆದು ತಂದದ್ದರಲ್ಲಿ ಗುಂಡಿಗೆ ಹೋಗಿ ಉಳಿದದ್ದು ಈ ಕಟ್ಟೆಗೆ ಸರಿಯಾಗಿ ಸಾಲುವಷ್ಟು. ಮೇಲೆ ಒಂದು ಮುಷ್ಟಿಯೂ ಇಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಬೀಗರು, ಬಿಜ್ಜರು ಎಲ್ಲ ಹೊಲಕ್ಕೆ ಬರುತ್ತಾರೆ, ಭೂಮಿತಾಯಿಗೆಂದು ಬೆಳೆಗೆ ಚರಗದ ಅನ್ನ ಚೆಲ್ಲಿ ಅಲ್ಲೇ ಉಣ್ಣುತ್ತಾರೆ.

"ಈ ಅಮಾಸಿಗೆ ಸಜ್ಜಿ ರೊಟ್ಟಿ ನನ್ನ ಸೊಸಿನ ಬಡೀತಾಳ ಅಂತ ಬೀಗರಿಗೆಲ್ಲಾ ಹೇಳಿಬಿಟ್ಟೀನಿ," ಅಂದರು ಆಯಿ. "ಅವರೆಲ್ಲಾ ಇಕಿನ್ನ ನೋಡಾಕ ಬಂದಾವರು ಪಾಪ ಪಾಪ ಅಂತ ಲೊಚಗುಟ್ಟಿ ಹೋಗ್ಯಾರ. ಆ ಲೊಚಗುಟ್ಟೂದು ಬಂದ್ ಆಗಬೇಕು."

ಅಳತೆಯಿಂದಲೇ ತೊಡಕು ಶುರುವಾಯಿತು. ಗೌಂಡಿಗಳು ಕಟ್ಟೆಯ ಎತ್ತರವನ್ನು ತಮ್ಮ ಸೊಂಟಕ್ಕೆ ಹಿಡಿಯುತ್ತಾರೆ. ರೊಟ್ಟಿ ಬಡಿಯುವವರಿಗೆ ಅದು ಹೆಚ್ಚಾಗುತ್ತದೆ; ತೋಳಿನ ಭಾರವೆಲ್ಲ ಅಂಗೈಗೆ ಇಳಿಯಬೇಕಾದರೆ ಕಟ್ಟೆ ಮೊಳಕೈಗಿಂತ ಒಂದು ಗೇಣು ಕೆಳಗಿರಬೇಕು. ಎರಡು ಡಬ್ಬಿಗಳ ಮೇಲೆ ಹಲಗೆ ಇಟ್ಟು, ಇಟ್ಟಿಗೆ ಏರಿಸಿ ಇಳಿಸಿ, ಅಕ್ಕಾರಿಗೆ ಹಸಿ ಮಣ್ಣಿನ ಮುದ್ದೆ ಕೊಟ್ಟು ಬಡಿಯಿರಿ ಎಂದೆ. ಒಂದು ವರ್ಷದ ಮೇಲೆ ಕೈಗೆ ಮುದ್ದೆ ಸಿಕ್ಕಿತ್ತು. ಆ ಮಣ್ಣನ್ನು ಆಕೆ ಎಂಥ ರೊಟ್ಟಿ ಮಾಡಿದರೆಂದರೆ, ಹೆಂಚಿಗೆ ಹಾಕಿದ್ದರೆ ಉಬ್ಬುತ್ತಿತ್ತೋ ಏನೋ.

ತಗ್ಗಿನ ಗೆರೆ ಎಳೆಯುವುದು ಇನ್ನೊಂದು ಪೇಚು. ಮನೆಯ ಸೊಸೆಯ ಸೊಂಟಕ್ಕೆ ಗೌಂಡಿ ದಾರ ಹಿಡಿಯಲಾದೀತೆ? ನಾನು ದೂರ ನಿಂತು ಕಣ್ಣಳತೆ ಹಾಕುತ್ತಿದ್ದೆ. ಆಯಿ ಒಲೆಯ ಬೂದಿ ತಂದರು. "ನೀ ಅತ್ಲಾಗ ಮಾರಿ ಮಾಡು," ಅಂದು ಸೊಸೆಯನ್ನು ಹಲಗೆಗೆ ಆನಿಸಿ ನಿಲ್ಲಿಸಿ, ರಂಗೋಲಿ ಬಿಡುವ ಹಾಗೆ ಬೆರಳ ಸಂದಿಯಿಂದ ಬೂದಿ ಬಿಡುತ್ತ ಆಕೆಯ ಸುತ್ತ ಗೆರೆ ಎಳೆದರು. ಹಲಗೆಯ ಮೇಲೆ ಉಳಿದ ಆ ಗೆರೆ ನೆಟ್ಟಗಿನ ಕಮಾನಲ್ಲ. ಎಡಕ್ಕೆ ಆಳ, ಬಲಕ್ಕೆ ಚಾಚಿದ ಕಾಲಿಗಾಗಿ ಅಗಲ. ಯಾವ ಕೈವಾರದಿಂದಲೂ ಆ ಗೆರೆ ಬರುತ್ತಿರಲಿಲ್ಲ.

ನಾನು ಊರಿಗೆ ಹೋಗುವುದನ್ನು ಬಿಟ್ಟೆ. ಪಂಪಿನ ಮನೆಯಲ್ಲಿ ಚಾಪೆ ಹಾಸಿಕೊಂಡೆ. ನನ್ನ ಜೊತೆ ಮಾಲು ಕಲಸುವ ಗಂಡ ಹೆಂಡತಿ ಇಬ್ಬರು ಆಳುಗಳು. ಗಂಡ ಮಾತಿಲ್ಲದವ, ಹೆಂಡತಿ ಇಬ್ಬರ ಪಾಲಿನದೂ ಆಡುವವಳು. ಇಟ್ಟಿಗೆಯ ಕಾಲುಗೋಡೆ ಎಬ್ಬಿಸಿದೆವು, ಕೆಳಗೆ ಹಲಗೆ ಹಾಸಿ ಆನಿಕೆಗೆ ಬಲ್ಲಿ ಕೊಟ್ಟೆವು. ತಗ್ಗಿನ ಅಂಚಿಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಆಯಿಯ ಗೆರೆಗೆ ಸರಿಯಾಗಿ ಬಾಗಿಸಿದೆ. ಕಾಂಕ್ರೀಟು ಅಂಟಬಾರದೆಂದು ಹಲಗೆ ತಗಡಿಗೆಲ್ಲ ಪಂಪಿನ ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ ಸವರಿದೆ. ತಗ್ಗಿನ ಮೂಲೆಗಳಲ್ಲಿ ಬಿರುಕು ಬಿಡುವುದು ರೂಢಿ. ಅಲ್ಲಿ ಓರೆಯಾಗಿ ಹೆಚ್ಚಿನ ಸಳಿ ಕಟ್ಟಿದೆ. ಕೃಷ್ಣೆಯ ಉಸುಕಿನಲ್ಲಿ ಒಂಡುಮಣ್ಣು ಇತ್ತು, ಅದನ್ನು ಬುಟ್ಟಿಯಲ್ಲಿ ಜಾಲಿಸಿ ಜಾಲಿಸಿ ನೀರು ತಿಳಿಯಾಗುವತನಕ ತೊಳೆದೆವು.

"ಇಷ್ಟ ತೊಳದ್ರ ಅಕ್ಕಿ ಆಗಿದ್ರ ಅನ್ನರ ಆಗ್ತಿತ್ತು," ಅಂದಳು ಆಳಿನ ಹೆಂಡತಿ. ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಆಕೆಯದೂ ದಣಿದ ಮೈಯೇ.

ಎರಕದ ದಿನ ಬೆಳಿಗ್ಗೆ ಒಲೆಯ ಕಡೆಯ ಭಾಗ ತುಂಬಿದೆವು. ಸಿಮೆಂಟು, ಉಸುಕು, ಸಣ್ಣ ಕಲ್ಲಿನ ಖಡಿ, ನೀರು ಹಿಡಿತದಲ್ಲಿ. ಕಬ್ಬಿಣದ ಸಳಿಯಿಂದ ಚುಚ್ಚಿ ಗಾಳಿ ತೆಗೆದೆ. ಅಷ್ಟರಲ್ಲಿ ಊಟದ ಹೊತ್ತು. ಬೇವಿನ ನೆರಳಲ್ಲಿ ಕುಳಿತೆವು. ಆಯಿ ರೊಟ್ಟಿಯ ಜೊತೆ ನಮಗೆಲ್ಲ ಒಂದೊಂದು ಚೂರು ಹೊಸ ಬೆಲ್ಲ ಕೊಟ್ಟರು. ತಿನ್ನುತ್ತ ತಿರುಗಿ ನೋಡಿದರೆ ಆ ಮುದುಕಿ ಒಂದು ಕೊಡ ಎತ್ತಿ ನಮ್ಮ ಬ್ಯಾರೆಲ್ಲಿಗೆ ಸುರಿಯುತ್ತಿದ್ದರು.

"ಬಿಡ್ರಿ ಆಯಿ, ನೀರು ನಾವು ತುಂಬತೀವಿ," ಎಂದು ಕೂಗಿದೆ.

"ಉಣ್ಣಪಾ ನೀನು. ನನ್ನ ಕೈದೂ ಒಂದ ಕೊಡ ಇರಲಿ."

ಎಷ್ಟು ಒಳ್ಳೆಯ ಮನೆ ಎಂದುಕೊಂಡೆ. ಊಟ ಮುಗಿಸಿ ಬ್ಯಾರೆಲ್ಲಿನಿಂದ ನೀರು ತೆಗೆದು ರೊಟ್ಟಿಯ ಕಡೆಯ ಭಾಗ ಕಲಸಿ ತುಂಬಿದೆವು. ಮೇಲೆ ತೆಳುವಾಗಿ ಬರೀ ಸಿಮೆಂಟು ಎಳೆದು, ನುಣ್ಣಗೆ ತಿಕ್ಕಿ, ಗೋಣಿ ಹೊದಿಸಿ ಕೈ ತೊಳೆದೆ. ಬೆನ್ನು ನೆಟ್ಟಗಾಗಲಿಲ್ಲ.

ಮರುದಿನ ಗೋಣಿ ಎತ್ತಿ ಒಲೆಯ ಕಡೆ ಮೊಳೆಯಿಂದ ಗೀರಿದೆ. ಗೀರಲಿಲ್ಲ. ರೊಟ್ಟಿಯ ಕಡೆ ಗೀರಿದೆ. ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯಿತು.

ಮೊದಲು ನನಗೆ ಥಂಡಿಯ ಮೇಲೆ ಸಂಶಯ ಬಂತು. ಹೊಳೆಯ ದಂಡೆ, ಮಾರ್ಗಶಿರದ ಚಳಿ. ಮಧ್ಯಾಹ್ನದ ಮೇಲೆ ತುಂಬಿದ್ದಕ್ಕೆ ಬಿಸಿಲು ತಾಕಿರಲಿಲ್ಲ. ಇನ್ನೊಂದು ದಿನ ಬಿಟ್ಟೆ. ಬೆರಳಿಟ್ಟರೆ ನಾದಿದ ಹಿಟ್ಟಿನಂತೆ ತಗ್ಗು ಬಿತ್ತು. ನೀರು ಹೆಚ್ಚಾಯಿತೇ? ನಾನೇ ನಿಂತು ಕಲಸಿಸಿದ್ದೆ. ಸಿಮೆಂಟು ಹಳೆಯದೇ? ಎರಡೂ ಭಾಗಕ್ಕೆ ಒಂದೇ ಚೀಲ. ಹತ್ತು ವರ್ಷದ ಕೆಲಸದಲ್ಲಿ ಬಿರಿದ ಕಾಂಕ್ರೀಟು ಕಂಡಿದ್ದೆ, ಸೋರಿದ್ದು ಕಂಡಿದ್ದೆ, ಹೆಪ್ಪುಗಟ್ಟದ್ದನ್ನು ಕಂಡಿರಲಿಲ್ಲ.

ಮಾಲಕರು ಕಬ್ಬಿಗೆ ನೀರು ಬಿಟ್ಟು ಬಂದವರು ತಾವೂ ಬೆರಳಿಟ್ಟು ನೋಡಿದರು. ಕಡಿಮೆ ಮಾತಿನ, ಸಿಟ್ಟಿನ ಮನುಷ್ಯ.

"ಇದೇನ್ರಿ ಗೌಂಡೇರ, ಕಟ್ಟಿನೋ ಹಿಟ್ಟಿನ ಮುದ್ದಿನೋ? ಸಿಮಿಟಿನಾಗ ಬೂದಿ ಬೆರಸ್ಯಾರ ನನ್ನ ಮಕ್ಕಳು. ನಾಳೆ ಹೋಗಿ ಸಿಮಿಟು ಕೊಟ್ಟಾವನ ಅಂಗಿ ಹಿಡೀತೀನಿ."

"ಎರಡು ದಿನ ತಡೀರಿ ಮಾಲಕರ. ಸಿಮಿಟಿಂದ ತಪ್ಪಿಲ್ಲ. ಆ ಕಡೆ ಗಟ್ಟಿ ಐತಲ್ರಿ."

"ಹಂಗಾರ ತಪ್ಪು ಯಾರ್ದು?"

ನಾನು ಗೋಣಿಯನ್ನು ಮತ್ತೆ ಹೊದಿಸಿದೆ. ಉತ್ತರವಿಲ್ಲದಿದ್ದರೆ ತಪ್ಪು ಗೌಂಡಿಯದೇ ಎಂದು ಇಬ್ಬರಿಗೂ ಗೊತ್ತಿತ್ತು.

ಉತ್ತರ ಕೊಟ್ಟವು ಇರುವೆಗಳು. ಗೋಣಿಗೆ ನೀರು ಹಾಕಲು ಬ್ಯಾರೆಲ್ಲಿನ ಹತ್ತಿರ ಹೋದರೆ ಅಂಚಿನ ಮೇಲೆ ಕೆಂಪಿರುವೆಯ ಸಾಲು. ಸಾಲಿನ ಗುಂಟ ನೋಡುತ್ತ ಹೋದೆ. ಅದು ಬ್ಯಾರೆಲ್ಲಿನಿಂದ ಇಳಿದು, ಕಂಬದ ಬುಡದಲ್ಲಿ ಬೋರಲು ಹಾಕಿದ್ದ ಕೊಡದ ಒಳಗೆ ಹೋಗಿತ್ತು. ಕೊಡದ ತಳಕ್ಕೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟೆ.

ಆಳಿನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಯಾಕ್ರಿ, ಕೊಡಾ ನೆಕ್ಕಾಕತ್ತೀರಿ? ಹಸಿವಾತೇನ?"

ನಾಲಿಗೆಯ ಮೇಲೆ ಬೆಲ್ಲದ ಸಿಹಿ ಇತ್ತು.

ಹಳೆಯ ಗಚ್ಚಿನ ಕೆಲಸ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಹಿರಿಯರು ಸುಣ್ಣ ಉಸುಕನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಕೊಳೆಸಿ, ಆ ಗಚ್ಚಿನಿಂದ ವಾಡೆಗಳನ್ನು ಕಟ್ಟಿದರು. ಸುಣ್ಣಕ್ಕೆ ಬೆಲ್ಲ ಬಳಗ. ಸಿಮೆಂಟಿಗೆ ಅದೇ ಬೆಲ್ಲ ವೈರಿ. ಹಿಡಿಯಷ್ಟು ಬಿದ್ದರೂ ಅದು ಹೆಪ್ಪುಗಟ್ಟುವುದನ್ನೇ ಮರೆತುಬಿಡುತ್ತದೆ. ಹೀಗೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಆಯಿ ಬಿಸಿಲಿಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹತ್ತಿರ ಹೋಗಿ ಕುಳಿತೆ.

"ಆಯಿ, ಅವತ್ತ ಆ ಕೊಡದಾಗ ಬೆಲ್ಲ ಇತ್ತೇನ್ರಿ?"

ಮುದುಕಿಯ ಮುಖ ಅರಳಿತು. "ಗೊತ್ತಾತೇನ ನಿನಗ! ನಮ್ಮಪ್ಪ ವಾಡೆ ಕಟ್ಟಿಸೂ ಮುಂದ ನಾ ಇಷ್ಟುದ್ದ ಇದ್ದೆ. ಬೆಲ್ಲದ ನೀರು ಹೊತ್ತು ಹೊತ್ತು ನಾ ಉಟ್ಟ ಪರಕಾರ, ಬಗಲೆಲ್ಲಾ ಅಂಟು. ಆ ಗ್ವಾಡಿಗೆ ಇವತ್ತಿಗೂ ಮೊಳಿ ಬಡಿಯಾಕ ಬರಂಗಿಲ್ಲ. ಈಗಿನ ಗೌಂಡಿಗಳು ಜೀನರು, ಬೆಲ್ಲ ಹಾಕಂಗಿಲ್ಲ. ನೀ ಕೇಳಾಕ ಸಂಕೋಚ ಮಾಡ್ಕೋತಿ ಅಂತ ನಾನ ಹಾಕಿದೆ."

"ಎಷ್ಟ ಹಾಕೀರಿ?"

"ತೆಂಗಿನಕಾಯಿಯಷ್ಟು ಹೆಂಟಿ. ಅದರಾಗಿಂದ ಒಂದೀಟು ಮುರದು ನಿಮಗೂ ಕೊಟ್ಟಿದ್ನೆಲ್ಲಾ?" ಅಷ್ಟರಲ್ಲಿ ನನ್ನ ಮುಖದಲ್ಲಿ ಏನು ಕಂಡರೋ. ಸುಲಿಯುತ್ತಿದ್ದ ಕೈ ನಿಂತಿತು. "ಯಾಕೋ ತಮ್ಮಾ? ನನ್ನ ಬೆಲ್ಲದಿಂದನ ಏನರ ಆತೇನು?"

ಆ ಕಣ್ಣುಗಳನ್ನು ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಇಲ್ರಿ ಆಯಿ, ಥಂಡಿ ಭಾಳ ಐತ್ರಿ," ಅಂದೆ.

ಅಂದೇ ಕಾಗವಾಡದವರೆಗೆ ಸೈಕಲ್ಲು, ಅಲ್ಲಿಂದ ಬಸ್ಸು ಹಿಡಿದು ಅಥಣಿಗೆ ಹೋದೆ. ಅಲ್ಲಿ ಒಬ್ಬ ಓವರ್‌ಸಿಯರು ಇದ್ದರು. ಹಿಂದೆ ಒಂದು ಸೇತುವೆಯ ಕೆಲಸದಲ್ಲಿ ಪರಿಚಯ. ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ಹೊಟ್ಟೆ ತುಂಬ ನಕ್ಕರು. ಆಮೇಲೆ ಚಹಾ ತರಿಸಿದರು.

"ಬೆಲ್ಲ ಅಂದ್ರ ಸಿಮಿಟಿಗೆ ಅಫೀಮು ಇದ್ದಂಗ. ಥೋಡೆ ಬಿದ್ದಿದ್ರ ಮಲಗಿ ಮಲಗಿ ಒಂದಿನ ಏಳ್ತೈತಿ. ಎದ್ದ ಮ್ಯಾಲ ಮೊದಲಿನಕಿಂತ ಗಟ್ಟಿನೂ ಆಗಬಹುದು. ಜಾಸ್ತಿ ಬಿದ್ದಿದ್ರ ಏಳಂಗಿಲ್ಲ, ಒಣಗಿ ಪುಡಿ ಆಗ್ತೈತಿ. ನಿಂದು ಎಷ್ಟ ಬಿದ್ದೈತಿ?"

"ತೆಂಗಿನಕಾಯಿಯಷ್ಟು ಬ್ಯಾರೆಲ್ಲಿಗ್ರಿ. ಬ್ಯಾರೆಲ್ಲಿನಿಂದ ಕಟ್ಟಿಗೆ ಎಷ್ಟ ಹೋತು, ಯಾರಿಗೆ ಗೊತ್ತ್ರಿ."

"ಹಂಗಾರ ನನಗೂ ಗೊತ್ತಿಲ್ಲಪಾ. ಕಾಯೂದಿದ್ರ ನೀರು ಆರಗೊಡಬ್ಯಾಡ, ಬಿಸಿಲು ಬೀಳಗೊಡಬ್ಯಾಡ, ಅಲ್ಲಾಡಿಸಬ್ಯಾಡ. ಇಲ್ಲಂದ್ರ ಒಡದು ಹೊಸಾದು ಹಾಕು."

ಹೊಸದು ಹಾಕಲು ಸಿಮೆಂಟು? ಪರ್ಮಿಟ್ಟಿಗೆ ಮತ್ತೆ ಅರ್ಜಿ, ಮತ್ತೆ ಸರದಿ. ಅದು ಬರುವಷ್ಟರಲ್ಲಿ ಎಳ್ಳಮಾವಾಸ್ಯೆ ಹೋಗಿ ಶಿವರಾತ್ರಿ ಬಂದಿರುತ್ತಿತ್ತು.

ತಿರುಗಿ ಬಂದಾಗ ಮೈಯಲ್ಲಿ ಶಕ್ತಿ ಇರಲಿಲ್ಲ. ಅಕ್ಕಾರು ಕಂಬಕ್ಕೆ ಆತು ನಿಂತು ಕಾಯುತ್ತಿದ್ದರು. ಆಯಿ ಒಳಗೆ ದೇವರ ಮುಂದೆ ಇದ್ದರು. ಅಕ್ಕಾರು ದನಿ ಇಳಿಸಿ ಕೇಳಿದರು: "ಬೆಲ್ಲ ಏನ್ರಿ?"

ಕೊಡದ ಹತ್ತಿರ ನಾನು ಬೆರಳು ನೆಕ್ಕಿದ್ದನ್ನು ಹೊರಸಿನ ಮೇಲಿನಿಂದ ಅವರೂ ಕಂಡಿದ್ದರು. ಇನ್ನು ಮುಚ್ಚುವುದೇನು? ಓವರ್‌ಸಿಯರು ಹೇಳಿದ ಎರಡೂ ಮಾತು ಹೇಳಿದೆ. ಎದ್ದರೆ ಗಟ್ಟಿ, ಏಳದಿದ್ದರೆ ಪುಡಿ. ಯಾವುದೆಂದು ಹೇಳಲು ನನ್ನಿಂದ ಆಗದು ಎಂದೆ.

ಅವರು ಕಾಲೆಳೆಯುತ್ತ ಹೋಗಿ ಜಾರಿದ್ದ ಗೋಣಿಯನ್ನು ಕಟ್ಟೆಯ ಮೇಲೆ ಎಳೆದರು.

"ಒಡೀಬ್ಯಾಡ್ರಿ," ಅಂದರು. "ಒಡದ್ರ, ಯಾಕ ಒಡದ್ರಿ ಅಂತ ಇವರು ಕೇಳ್ತಾರ. ನೀವು ಹೇಳಬೇಕಾಕ್ಕೈತಿ. ನಾ ಬಿದ್ದಾಗಿಂದ ಈ ಮನ್ಯಾಗ ನನಗ ಏಳು ಅಂದಾಕಿ ನಮ್ಮತ್ತಿ ಒಬ್ಬಾಕಿನ್ರಿ. ಉಳದಾವರೆಲ್ಲಾ ಮಲಕೋ, ಮಲಕೋ. ಆಕಿ ಕೈಯಿಂದನ ಇದು ಕೆಟ್ಟಿತು ಅಂತ ಆಕಿಗೆ ಗೊತ್ತಾಗಬಾರದು. ಅದಕಿಂತ ಈ ಅಮಾಸಿಗೂ ಯಾರರ ಬಡದ ರೊಟ್ಟಿನ ತಿಂತೀನಿ."

"ಏಳಲಿಲ್ಲಂದ್ರ, ಅಕ್ಕಾರ?"

"ನನ್ನ ಕಾಲನ್ನ ಒಂದು ವರ್ಷ ಕಾದೀನ್ರಿ. ಇದನ್ನ ಒಂದೀಟು ಕಾಯೋಣಂತ."

ಬೆಳಿಗ್ಗೆ ಮಾಲಕರು ಕಬ್ಬಿಣದ ಹಾರಿ ಹಿಡಿದುಕೊಂಡೇ ಬಂದರು, ಒಡೆದು ತೆಗೆಯಲಿಕ್ಕೆ. ನಾನು ಕಟ್ಟೆಗೂ ಅವರಿಗೂ ನಡುವೆ ನಿಂತೆ.

"ಮಾಲಕರ, ಇದಕ್ಕ ಕೈ ಹಚ್ಚಬ್ಯಾಡ್ರಿ. ಥಂಡಿ ಹಿಡದೈತಿ, ತಡಾ ಆಗ್ತೈತಿ. ಏಳಲಿಲ್ಲಂದ್ರ ಜವಾಬ್ದಾರಿ ನಂದು. ಸಿಮಿಟು ನಾ ತರ್ತೀನಿ, ಕೆಲಸ ಸುಮ್ಮನ ಮಾಡ್ತೀನಿ."

"ನೀವೇನು ಬಾಣಂತನ ಮಾಡಾಕ ಬಂದೀರೇನ್ರಿ ಅದಕ್ಕ?"

"ಹಂಗ ತಿಳೀರಿ."

ಅವರು ಹಾರಿಯನ್ನು ಬೇವಿಗೆ ಒರಗಿಸಿ ಹೋದರು. ಅಲ್ಲಿಂದ ತೆಗೆಯಲಿಲ್ಲ. ದಿನಾ ನನ್ನ ಕಣ್ಣಿಗೆ ಬೀಳಲೆಂದೇ ಇಟ್ಟಿದ್ದರು.

ಬಾಣಂತನವೇ ಆಯಿತು. ಬ್ಯಾರೆಲ್ಲು ಚೆಲ್ಲಿ, ತಿಕ್ಕಿ ತೊಳೆದು ಬಾವಿಯ ನೀರು ತುಂಬಿದೆ. ಕಟ್ಟೆಯ ಮೇಲೆ ಹಸಿ ಗೋಣಿ, ಅದರ ಮೇಲೆ ಹುಲ್ಲು, ಬಿಸಿಲ ಕಡೆಗೆ ಲಾರಿಗೆ ಹೊದಿಸುವ ಹಳೆ ತಾಡಪತ್ರಿ. ಆಳುಗಳಿಬ್ಬರೂ ಬೇರೆ ಕೆಲಸಕ್ಕೆ ಹೋದರು. ಹೋಗುವಾಗ ಹೆಂಡತಿ, "ಎದ್ದ ಮ್ಯಾಲ ಹೆಸರು ಏನ ಇಡ್ತೀರಿ ಹೇಳಿ ಕಳಸ್ರಿ," ಅಂದಳು. ನಾನೊಬ್ಬನೇ ಉಳಿದೆ. ಸುರಿಯುವಾಗಿನ ದಣಿವು ಸ್ನಾನ ಮಾಡಿ ಮಲಗಿದರೆ ಹೋಗುತ್ತದೆ. ಕಾಯುವ ದಣಿವಿಗೆ ಸ್ನಾನವಿಲ್ಲ. ಮಾಡಲು ಕೆಲಸವಿಲ್ಲದ ಗೌಂಡಿ ಇನ್ನೊಬ್ಬರ ಅಂಗಳದಲ್ಲಿ ಕುಳಿತು ಉಣ್ಣುವುದು ಎಂಥ ಸಂಕಟವೆಂದು ಆಗ ತಿಳಿಯಿತು. ಅಕ್ಕಾರು ಒಂದು ವರ್ಷ ಹೊರಸಿನ ಮೇಲೆ ಕುಳಿತು ಉಂಡದ್ದು ಎಂಥದೆಂದೂ ತಿಳಿಯಿತು.

ಬೆಳಿಗ್ಗೆ ಎದ್ದು ಥಾಪಿಯ ಹಿಡಿಕೆಯಿಂದ ಮೆಲ್ಲಗೆ ಬಾರಿಸಿ ನೋಡುವುದು ಒಂದೇ ಕೆಲಸ. ಒಲೆಯ ಕಡೆ ಟಣ್ ಅನ್ನುತ್ತಿತ್ತು. ರೊಟ್ಟಿಯ ಕಡೆ ಹಸಿ ಮಣ್ಣಿಗೆ ಬಾರಿಸಿದಂತೆ, ದನಿಯೇ ಇಲ್ಲ. ಆಯಿ ದಿನಾ ಬಂದು ಒಂದು ತಂಬಿಗೆ ನೀರು ಗೋಣಿಗೆ ಹನಿಸಿ, ಅದನ್ನು ಸವರಿ ಹೋಗುವರು. ಅವರು ತಂಬಿಗೆ ಎತ್ತಿದಾಗಲೆಲ್ಲ ನಾನು ಎದ್ದು ಹೋಗಿ ತಂಬಿಗೆಯೊಳಗೆ ಇಣುಕುವುದು.

"ಏನ ನೋಡ್ತಿಯೋ?"

"ನೀರು ಥಣ್ಣಗೈತೋ ಏನೋ ಅಂತ್ರಿ ಆಯಿ."

ದಿನ ಉರುಳಿದವು. ಒಂದು ಬೆಳಿಗ್ಗೆ ಮೊಳೆ ಇಳಿಯುವಾಗ ಸ್ವಲ್ಪ ತಡೆದಂತಾಯಿತು. ಮನಸ್ಸಿನ ಭ್ರಮೆ ಎಂದುಕೊಂಡೆ, ಯಾರಿಗೂ ಹೇಳಲಿಲ್ಲ. ಮರುದಿನ ಮೊಳೆ ಬಿಳಿಯ ಗೆರೆ ಮಾತ್ರ ಬಿಟ್ಟಿತು. ಬಾರಿಸಿದರೆ ಟಣ್ ಅನ್ನಲಿಲ್ಲ, ಆದರೆ ಮಣ್ಣಿನ ದನಿಯೂ ಅಲ್ಲ. ನೆಗಡಿಯಾದವರು ಮಾತಾಡಿದ ಹಾಗೆ. ಅಕ್ಕಾರ ಕಡೆ ನೋಡಿದೆ. ಅವರು ಹೊರಸಿನ ಮೇಲೆ ಉಸಿರು ಹಿಡಿದು ಕುಳಿತಿದ್ದರು. ಹೌದೆಂಬಂತೆ ತಲೆ ಆಡಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ತಿರುಗಿದರು.

ಆದರೂ ರೊಟ್ಟಿ ಬಡಿಯುವುದೆಂದರೆ ಮೊಳೆ ಗೀರಿದಂತಲ್ಲ. ದಪದಪ ಎಂದು ಬೀಳುವ ಪೆಟ್ಟು. ಒಳಗೆ ಮಲಗಿಯೇ ಇದ್ದರೆ ಮೇಲಿನ ಪದರು ಎದ್ದು ಬರುತ್ತದೆ. ಅಮಾವಾಸ್ಯೆಗೆ ಕೆಲವೇ ದಿನ ಉಳಿದಿತ್ತು. ಮನೆಯಿಂದ ಕರೆ ಬಂದಿತ್ತು, ನಾನು ಹೋಗಲೇಬೇಕಿತ್ತು. "ಕೆಳಗಿನ ಬಲ್ಲಿ ಮುಟ್ಟಬ್ಯಾಡ್ರಿ. ಒಲಿ ಹಚ್ಚಿ ಪಲ್ಲೆ ಮಾಡ್ರಿ, ಚಿಂತಿ ಇಲ್ಲ. ರೊಟ್ಟಿ ಮಾತ್ರ ನಾ ಅಮಾಸಿ ದಿನ ನಸುಕಿನಾಗ ಬಂದು ಬಾರಿಸಿ ನೋಡಿದ ಮ್ಯಾಲ," ಎಂದು ಅಕ್ಕಾರಿಗೆ ಎರಡು ಸಲ ಹೇಳಿ ಸೈಕಲ್ಲು ಹತ್ತಿದೆ.

ಎಳ್ಳಮಾವಾಸ್ಯೆಯ ದಿನ ನಸುಕಿಗೆ ಹೊರಟವನಿಗೆ ದಾರಿಯಲ್ಲಿ ಸೈಕಲ್ಲಿನ ಟ್ಯೂಬು ಕೈಕೊಟ್ಟಿತು. ತಳ್ಳುತ್ತ ಬಂದೆ. ಕಬ್ಬಿನ ನಡುವಿನ ಬದುವಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಷ್ಟು ದೂರದಿಂದಲೇ ಕೇಳಿತು: ದಪ್, ದಪ್, ದಪ್. ನೆಲದ ಮೇಲೆ ಕುಳಿತು ಬಡಿದ ರೊಟ್ಟಿಯ ಸಪ್ಪಳ ನನಗೆ ಗೊತ್ತು, ಇದು ಅದಲ್ಲ. ಸೈಕಲ್ಲನ್ನು ಅಲ್ಲೇ ಕಬ್ಬಿಗೆ ಒಗೆದು ಓಡಿದೆ.

ಅಕ್ಕಾರು ಆ ತಗ್ಗಿನೊಳಗೆ ನಿಂತಿದ್ದರು. ಮಡಚದ ಕಾಲು ಬಲಕ್ಕೆ ಚಾಚಿ ತನ್ನ ಜಾಗ ಸೇರಿತ್ತು. ಸೊಂಟ ಅಂಚಿಗೆ ಆನಿತ್ತು, ಎರಡೂ ಕೈ ಬಿಡುವಾಗಿದ್ದವು. ಸಜ್ಜೆಯ ರೊಟ್ಟಿ ಅಂಗೈಯಡಿ ತಿರುಗುತ್ತ ಅಗಲವಾಗುತ್ತಿತ್ತು. ಸು‌ತ್ತ ಬೀಗತಿಯರು, ಮಕ್ಕಳು. ಯಾರೂ ಲೊಚಗುಟ್ಟುತ್ತಿರಲಿಲ್ಲ; ಒಬ್ಬಾಕೆ, "ಇಕಿದೇನವಾ, ರಾಣಿ ಹಂಗ ನಿಂತು ಬಡ್ಯಾಕತ್ತಾಳ, ನಾವು ಕುಕ್ಕರಗಾಲಿಲೆ ಸಾಯಬೇಕು," ಎಂದು ಹೊಟ್ಟೆಕಿಚ್ಚು ಪಡುತ್ತಿದ್ದಳು.

ನಾನು ಏದುಸಿರು ಬಿಡುತ್ತ ಕಟ್ಟೆಗೆ ಮುಖ ತಂದು ನೋಡಿದೆ. ಅಂಗೈಯಿಂದ ಸವರಿದೆ. ಹಿಟ್ಟಿನ ಪುಡಿ ಬಿಟ್ಟರೆ ಬೇರೆ ಪುಡಿ ಇರಲಿಲ್ಲ.

"ನಾ ಬಂದು ಬಾರಿಸಿ ನೋಡ್ತೀನಿ ಅಂದಿದ್ನಲ್ರಿ ಅಕ್ಕಾರ!"

"ಬಿಸಿಲು ಏರಿತು, ನೀವು ಬರಲಿಲ್ಲ. ನಾನ ಬಾರಿಸಿ ನೋಡಿದೆ." ಕೈ ನಿಲ್ಲಿಸದೆ ಅಂದರು. "ಮೊದಲನೇದು ಹೆದರಿ ಹೆದರಿ ಬಡದೆ, ದಪ್ಪ ಆತು, ಎಮ್ಮಿಗೆ ಹಾಕೀನಿ. ಎರಡನೇದಕ್ಕ ಧೈರ್ಯ ಬಂತು."

ಮಾಲಕರು ಬೇವಿನ ಬುಡದಿಂದ ಹಾರಿಯನ್ನು ಎತ್ತಿಕೊಂಡು, ನನ್ನ ಕಡೆ ನೋಡದೆ, ಒಳಗೆ ಇಟ್ಟು ಬಂದರು.

ಆಯಿ ನನ್ನ ಕೈಗೆ ಬಿಸಿ ರೊಟ್ಟಿ ಕೊಟ್ಟು, ಅದರ ಮೇಲೆ ಬೆಣ್ಣೆ ಇಟ್ಟು, ಬೀಗತಿಯರಿಗೆಲ್ಲ ಕೇಳುವಂತೆ ಅಂದರು: "ಅರ್ಧಾ ಕಟ್ಟಿ ಬರೇ ಸಿಮಿಟು, ಅರ್ಧಾ ನನ್ನ ಬೆಲ್ಲ. ಥಂಡಿ ಹಿಡದಿದ್ರೂ ಹೆಂಗ ಎದ್ದು ನಿಂತೈತಿ ನೋಡ್ರಿ! ಹೌದಿಲ್ಲೋ ಗೌಂಡಿ?"

ತಗ್ಗಿನೊಳಗಿಂದ ಅಕ್ಕಾರು ಒಂದು ಸಲ ನನ್ನತ್ತ ನೋಡಿದರು. ಕೈ ಮಾತ್ರ ಬಡಿಯುತ್ತಲೇ ಇತ್ತು.

"ಹೌದ್ರಿ ಆಯಿ," ಅಂದೆ.

ಆ ಒಂದು ಹೌದಿಗೆ ನಾನು ಕೊಟ್ಟ ಬೆಲೆ ಹೇಳಿ ಮುಗಿಸುತ್ತೇನೆ. ಅಂದು ಉಂಡು ಹೋದ ಬೀಗತಿಯರು ಶೇಡಬಾಳಕ್ಕೆ, ಉಗಾರಕ್ಕೆ, ಚಿಕ್ಕೋಡಿಯ ಬದಿಗೆ ಹೋದರು. ಅವರ ಸಂಗಡ ಮಾತೂ ಹೋಯಿತು. ಅಂದಿನಿಂದ ಯಾವ ಊರಿನಲ್ಲಿ ಎರಕಕ್ಕೆ ನಿಂತರೂ ಊಟದ ಹೊತ್ತಿಗೆ ಯಾರಾದರೂ ಒಬ್ಬ ಮುದುಕಿ ಸೆರಗಿನೊಳಗೆ ಬೆಲ್ಲದ ಹೆಂಟಿ ಮುಚ್ಚಿಕೊಂಡು ಬರುತ್ತಾರೆ. ಜುಗೂಳದಾಗ ಹಾಕಿದ್ರಂತಲ್ಲೋ ತಮ್ಮಾ ಅನ್ನುತ್ತಾರೆ. ನಾನು ಎರಡೂ ಕೈಯಿಂದ ಇಸಕೊಂಡು, ಹಣೆಗೆ ಒತ್ತಿ, ಮುರಿದು ಆಳುಗಳಿಗೆ ಹಂಚುತ್ತೇನೆ. ಊಟಕ್ಕೆ ಮಾತ್ರ ಬೇರೆ ಎಲ್ಲೂ ಕೂಡುವುದಿಲ್ಲ. ನೀರಿನ ಬ್ಯಾರೆಲ್ಲಿಗೆ ಮುಚ್ಚಳ ಹಾಕಿ, ಅದರ ಮೇಲೆಯೇ ಹತ್ತಿ ಕುಳಿತು ಉಣ್ಣುತ್ತೇನೆ. ಎಷ್ಟೇ ದಣಿದಿರಲಿ, ಯಾರೇ ಕರೆಯಲಿ, ಊಟ ಮುಗಿಯುವತನಕ ಅಲ್ಲಿಂದ ಇಳಿಯುವುದಿಲ್ಲ.